ಹೊಸದನ್ನು ಹಳತು ಮಾಡುವ ಓಣಿ

ಹೊರಡುವ ಮುಂಚೆ

ಗೋವಾಕ್ಕೆ ಹೋಗುವವರ ಕೈಯಲ್ಲಿ ಏನಾದರೊಂದು ಸಾಮಾನು ಹೇಳಿ ಕಳಿಸುವುದು ಧಾರವಾಡದಲ್ಲಿ ಎಂಬತ್ತರ ದಶಕದುದ್ದಕ್ಕೂ ನಡೆದುಬಂದ ಪದ್ಧತಿ. ಕೈಗಡಿಯಾರ, ಟೇಪ್ ರೆಕಾರ್ಡರ್, ಜಪಾನಿನ ನೈಲಾನ್ ಸೀರೆ, ಯಾವುದೂ ಆಗದಿದ್ದರೆ ಒಂದು ಸೆಂಟಿನ ಬಾಟಲಿ. ಸಮುದ್ರ ಕಂಡು ಬಂದವರನ್ನು ಸಮುದ್ರ ಹೇಗಿತ್ತೆಂದು ನಮ್ಮ ಓಣಿಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಚೀಲದಲ್ಲಿ ಏನಿದೆ ಎಂದು ಕೇಳಿದ್ದೇ ನೆನಪು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹೊರಟಾಗ ಯಾರೂ ಏನೂ ಹೇಳಲಿಲ್ಲ. ಆಮದು ತೆರಿಗೆ ಇಳಿಯತೊಡಗಿತ್ತು. ಹೊರದೇಶದ ಬಿಡಿಭಾಗ ತಂದು ಇಲ್ಲೇ ಜೋಡಿಸಿದ ಟೇಪ್ ರೆಕಾರ್ಡರುಗಳು ಹುಬ್ಬಳ್ಳಿಯ ಅಂಗಡಿಗಳಲ್ಲಿ ಡಬ್ಬಿ, ಗ್ಯಾರಂಟಿ ಕಾರ್ಡು ಸಮೇತ ಸಿಗುತ್ತಿದ್ದವು. ಕೊಲ್ಲಿ ದೇಶಗಳಿಂದ ಬರುವವರ ಪೆಟ್ಟಿಗೆಗಳ ಮೇಲಿನ ಬಿಗಿಯೂ ಸಡಿಲವಾಗಿತ್ತು. ನಮ್ಮ ಕಾಕಾ ಒಂದನ್ನು ಕೊಂಡು ಪಡಸಾಲೆಯಲ್ಲಿಟ್ಟು, ಅದರ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಹಾಡು ಕೇಳುತ್ತಿದ್ದರು.

"ಇನ್ನ ಗೋವಾಕ್ಕ ಯಾಕ ಹೋಗ್ಬೇಕವಾ? ಗೋವಾನ ಹುಬ್ಬಳ್ಳಿಗೆ ಬಂದೈತಿ," ಎಂದರು.

ನಾನು ಹೊರಟದ್ದು ಜೈನಾಬಳನ್ನು ಕರೆತರಲು. ಅವಳು ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯವಳು. ನನ್ನದು ಅರ್ಥಶಾಸ್ತ್ರ, ಅವಳದು ರಸಾಯನಶಾಸ್ತ್ರ, ಇಬ್ಬರದೂ ಎಂ.ಎ., ಎಂ.ಎಸ್ಸಿ.ಗಳ ಕೊನೆಯ ವರ್ಷ. ದೀಪಾವಳಿ ರಜೆಗೆ ಮಡಗಾಂವಿನ ತಾಯಿಯ ಮನೆಗೆ ಹೋದವಳು ಸಂಕ್ರಾಂತಿಯಾದರೂ ಬಂದಿರಲಿಲ್ಲ. ಪ್ರಯೋಗಶಾಲೆಯ ಕೆಲಸ ಮಾರ್ಚಿನೊಳಗೆ ಮುಗಿಯದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಅವಳ ಮೇಷ್ಟ್ರು ನನ್ನನ್ನು ಕರೆದು ಹೇಳಿದ್ದರು. ನನಗೆ ಇನ್ನೊಬ್ಬರ ಮನೆಯ ವಿಷಯದಲ್ಲಿ ಕೈ ಹಾಕುವ ಅಭ್ಯಾಸವಿಲ್ಲ. ಆದರೆ ಹೋಗಿ ಕೇಳಬಲ್ಲವರು ಬೇರೆ ಯಾರೂ ಇರಲಿಲ್ಲ.

ಕ್ಯಾಸಲ್‌ರಾಕ್

ಘಟ್ಟ ಇಳಿಯುವ ಮುಂಚೆ ಗಾಡಿ ಇಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಎದುರಿಗೆ ಕೂತಿದ್ದ ಮುದುಕರೊಬ್ಬರು, ಬಳೆ ವ್ಯಾಪಾರದವರು, ನಾನು ಕೇಳದಿದ್ದರೂ ಹೇಳತೊಡಗಿದರು. ಪೋರ್ಚುಗೀಸರಿದ್ದಾಗ ಇಲ್ಲಿಂದಾಚೆ ಪರದೇಶ. ಗಾಡಿ ನಿಲ್ಲಿಸಿ ಎಲ್ಲರ ಗಂಟು ಬಿಚ್ಚಿಸುತ್ತಿದ್ದರಂತೆ.

"ನಮ್ಮವ್ವ ಹೋಗೂಮುಂದ ಬಡಕಲಿ, ಬರೂಮುಂದ ದಪ್ಪ. ಸೀರಿ ಮ್ಯಾಲ ಸೀರಿ, ಅದರ ಮ್ಯಾಲ ಮತ್ತೊಂದು ಸೀರಿ. ಉಟ್ಟದ್ದಕ್ಕ ತೆರಿಗಿ ಇಲ್ಲ ನೋಡ್ರಿ. ಬಸಿರಿ ಹೆಂಗಸು, ದಾರಿ ಬಿಡ್ರಿ ಅಂತಿದ್ರಂತ ಪೊಲೀಸರು. ಅಕಿಗೆ ಆವಾಗ ಐವತ್ತು ದಾಟಿತ್ತು."

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಬಳಿಕ ಅವರು ನನ್ನ ಕಡೆ ತಿರುಗಿ, ಒಬ್ಬಳೇ ಹೊರಟಿದ್ದೀಯಲ್ಲ, ಲಗ್ನವಾಗಿದೆಯೇ, ಯಾರ ಪೈಕಿ ಎಂದೆಲ್ಲ ಕೇಳಿದರು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ದೂಧಸಾಗರ ಬಂತು. ಎಲ್ಲರೂ ಒಂದೇ ಪಕ್ಕಕ್ಕೆ ಒತ್ತಿ ಬಾಗಿದ್ದರಿಂದ ನನಗೆ ಕಂಡದ್ದು ಜನರ ಬೆನ್ನು ಮಾತ್ರ.

ಮಡಗಾಂವ್

ಇಳಿದು ಮೆಟ್ಟಿಲು ದಾಟುವಷ್ಟರಲ್ಲಿ ಚಪ್ಪಲಿಯ ಬಾರು ಕಿತ್ತಿತು. ಮಧ್ಯಾಹ್ನದ ಹೊತ್ತು. ಈ ಊರಿನಲ್ಲಿ ಊಟವಾದ ಮೇಲೆ ಅಂಗಡಿಗಳೆಲ್ಲ ಬಾಗಿಲು ಹಾಕಿ ಮಲಗುತ್ತವೆ. ನಮ್ಮಲ್ಲಿ ಪೇಢೆ ಅಂಗಡಿಯವನು ಕೂತಲ್ಲೇ ತೂಕಡಿಸುತ್ತಾನೆಯೇ ಹೊರತು ಕದ ಮುಚ್ಚುವುದಿಲ್ಲ. ಇಲ್ಲಿನವರು ಮಧ್ಯಾಹ್ನವನ್ನು ತಮ್ಮ ಸ್ವಂತದ್ದೆಂದು ತಿಳಿದಿದ್ದಾರೆ. ಅದನ್ನು ಕಂಡು ಅಸೂಯೆಪಡುತ್ತ ನಾನು ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಜೈನಾಬಳ ಓಣಿ ಹುಡುಕಿದೆ.

ಜೈನಾಬಳ ತಾಯಿ ಬೀಬಿಜಾನ್ ನವಲಗುಂದದವರು. ಗಂಡ ಬಂದರಿನಲ್ಲಿ ಹಮಾಲಿ ಮಾಡಲು ಬಂದು, ಮಗಳು ಚಿಕ್ಕವಳಿರುವಾಗಲೇ ತೀರಿಕೊಂಡ. ಮಾರ್ಕೆಟ್ಟಿನ ಹಿಂದಿನ ಸಾಲಿನಲ್ಲಿ ಒಂದು ಬಾಡಿಗೆ ಅಂಗಡಿ, ಅದರ ಮೇಲೆಯೇ ಮನೆ. ಹಡಗಿನಲ್ಲಿ ದುಡಿಯುವವರು ರಜೆಗೆ ಬಂದಾಗ ತಂದ ಸಾಮಾನುಗಳನ್ನು ಅವರ ಮನೆಯವರಿಂದ ಕೊಂಡು ಮಾರುವ ಅಂಗಡಿ. ಆ ಸಾಲಿನಲ್ಲಿ ಇಂಥವೇ ಹಲವಾರಿದ್ದವು. ಈಗ ಅರ್ಧದಷ್ಟು ಕದಗಳಿಗೆ ಬೀಗ.

ನನ್ನನ್ನು ಕಂಡ ಜೈನಾಬ್ ಚಪ್ಪಲಿ ಇಸಿದುಕೊಂಡು ಒಳಗೆ ಹೋಗಿ ಹೊಲಿದು ತಂದಳು. ತಾಯಿ ಅಂಗಳದಿಂದಲೇ ಮಾತು ಶುರು ಮಾಡಿದರು.

"ಬಾ ಬೇಟಿ, ಬಾ. ಮೀನು ತಿನ್ನೂದುಲ್ಲಲ್ಲ ನೀ? ಗೊತ್ತೈತಿ ನಂಗ. ರೊಟ್ಟಿ ಬಡೀತೇನಿ, ಬ್ಯಾರೆ ಹಂಚಿನ ಮ್ಯಾಲ. ಹಂಚು ಹೊಸಾದು. ಈ ಮನಿಯೊಳಗ ಹೊಸಾದು ಅಂತ ಉಳಿದಿದ್ದು ಅದೊಂದ."

ರಾತ್ರಿ ನನಗೆ ಹೊದೆಯಲು ಕೊಟ್ಟದ್ದು ನವಿಲಿನ ಚಿತ್ರದ ಮೆತ್ತನೆಯ ಜಪಾನಿ ಕಂಬಳಿ. ಅತಿಥಿಗೆ ಒಳ್ಳೆಯದನ್ನೇ ಕೊಟ್ಟಿದ್ದಾರೆಂದು ನಾನು ಸಂಕೋಚಪಟ್ಟಾಗ ಜೈನಾಬ್ ಮೊದಲ ಸಲ ನಕ್ಕಳು.

"ಮೆಹಮಾನರಿಗೆ ಹೊಸಾದು ಕೊಡೂದು ನಮ್ಮ ರೂಢಿ. ನೀವು ಹೊದ್ದು ಹೊರಳ್ಯಾಡಿದ್ರ ಅದು ಹಳೇದಾಕ್ಕಿತ್ತು. ನಮಗ ಒಂದ ದಿನದ ಕೆಲಸ ಉಳೀತಿತ್ತು."

ಅಂಗಡಿ

ಮರುದಿನ ಬೆಳಿಗ್ಗೆ ಅವಳು ಅದನ್ನು ಬಿಡಿಸಿ ಹೇಳಿದಳು. ಹೊರದೇಶದ ಹೊಸ ಸಾಮಾನು ಅಂಗಡಿಯಲ್ಲಿ ಸಿಕ್ಕರೆ ಕಸ್ಟಮ್ಸಿನವರು ತೆರಿಗೆ ಕಟ್ಟಿದ ರಸೀದಿ ಎಲ್ಲಿ ಎಂದು ಕೇಳುತ್ತಿದ್ದರು. ತೆರಿಗೆಯೋ, ವಸ್ತುವಿನ ಬೆಲೆಯನ್ನೇ ನುಂಗುವಷ್ಟು. ಬಳಸಿದ ಸಾಮಾನಾದರೆ ಕೇಳುವವರಿಲ್ಲ. ಹಡಗಿನವನು ತನಗಾಗಿ ತಂದುಕೊಂಡದ್ದು, ಬೇಡವಾಗಿ ಮಾರಿದ ಎನ್ನಬಹುದು. ಆದ್ದರಿಂದ ಈ ಸಾಲಿನ ಹೆಂಗಸರೆಲ್ಲರ ಕಸುಬು ಹೊಸದನ್ನು ಹಳತು ಮಾಡುವುದು. ಸೀರೆಯನ್ನು ನೀರಿನಲ್ಲಿ ಅದ್ದಿ ಗಂಜಿ ಕಳೆಯಬೇಕು. ಅಂಗಿಯ ಕಾಲರಿಗೆ ಹಣೆಯ ಬೆವರು ಹಚ್ಚಿ ಒಗೆಯಬೇಕು. ಗಡಿಯಾರದ ಹಿಂಬದಿಗೆ ಬೂದಿ ಹಾಕಿ ತಿಕ್ಕಬೇಕು. ಹೆಚ್ಚಾದರೆ ಗಿರಾಕಿ ಒಲ್ಲೆ ಎನ್ನುತ್ತಾನೆ, ಕಡಿಮೆಯಾದರೆ ಅಧಿಕಾರಿ ಒಯ್ಯುತ್ತಾನೆ. ಎರಡರ ನಡುವೆ ನಿಲ್ಲಿಸುವ ಕೈ ಬೇಕು. ಆ ಕೈ ಜೈನಾಬಳದು ಎಂದು ಸಾಲಿನಲ್ಲೆಲ್ಲ ಹೆಸರಿತ್ತು.

ನನಗೆ ಹಾಸ್ಟೆಲ್ ನೆನಪಾಯಿತು. ಅವಳು ವಾರಕ್ಕೊಂದು ಹೊಸ ಸ್ವೆಟರ್ ಹಾಕುತ್ತಿದ್ದಳು. ಒಮ್ಮೆ ಹಾಕಿದ್ದನ್ನು ಮತ್ತೆ ಕಂಡವರಿಲ್ಲ. ಗೋವಾದ ನವಾಬರ ಮಗಳು ಎಂದು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಧಾರವಾಡದ ಚಳಿಯಲ್ಲಿ ಅವಳು ಹಾಕಿ, ಒಗೆದು, ಮಡಚಿ ಇಡುತ್ತಿದ್ದುದು ಅಂಗಡಿಯ ಸರಕು. ಗೋವಾದ ಸೆಕೆಯಲ್ಲಿ ಸ್ವೆಟರ್ ಹಳತಾಗುವುದಿಲ್ಲ.

ಮಧ್ಯಾಹ್ನದ ನಿದ್ದೆಗೆ ಮುಂಚೆ ಬೆಳಗಾವಿಯ ಕಡೆಯ ಗಂಡ ಹೆಂಡತಿ ಬಂದರು. ಬೀಬಿಜಾನ್ ಟೇಪ್ ರೆಕಾರ್ಡರ್ ಇಳಿಸಿ ಸೆರಗಿನಿಂದ ಒರೆಸಿ ಮುಂದಿಟ್ಟರು.

"ಡಬ್ಬಿ ಎಲ್ಲೈತ್ರಿ?" ಎಂದ ಆತ.

"ಡಬ್ಬಿ ಇಲ್ರಿ ಸಾಹೇಬರ. ಖರೇ ಜಪಾನ್ ಮಾಲು. ಒಂದ ಸಲ ಬಳಸಿದ್ದು."

"ಬಳಸಿದ್ದು ಯಾಕ್ಬೇಕ್ರಿ ನಮಗ? ಊರಾಗ ಹೊಸಾದ ಸಿಗತೈತಿ."

ಅವನ ಹೆಂಡತಿ ಕಂಬಳಿಯನ್ನು ಎತ್ತಿ ಮೂಸಿ ಕೆಳಗಿಟ್ಟಳು. ಹೋಗುತ್ತ, "ಸಮುದ್ರ ಯಾವ ಕಡೀಗ್ರಿ?" ಎಂದು ಕೇಳಿದಳು. ಬೀಬಿಜಾನ್ ಕೈ ತೋರಿಸಿದರು.

ಅವರು ಹೋದ ಮೇಲೆ ನಾನು ಡಬ್ಬಿಗಳೇನಾದವು ಎಂದು ಕೇಳಿದೆ.

"ಡಬ್ಬಿ ಅಂದ್ರ ಸಾಕ್ಷಿ ಬೇಟಿ. ಸಾಮಾನು ಬಂದ ದಿನಾನ ಒಲಿಗೆ. ಎಂಥಾ ಚಲೋ ರಟ್ಟು ಅಂತೀ, ಬಣ್ಣಬಣ್ಣದ್ದು. ಆ ಬಿಸಿನೀರಾಗ ಮೈ ತೊಳಕೊಂಡೀವಿ ನಾವು." ಟೇಪ್ ರೆಕಾರ್ಡರನ್ನು ಮತ್ತೆ ಮೇಲಿಡುತ್ತ ಅಂದರು: "ಇಷ್ಟ ಸಾಮಾನ ಇನ್ನ ಹೆಂಗ ಹೊಸಾದು ಮಾಡ್ಲಿ ನಾ? ಹಳೇದು ಮಾಡೂದಷ್ಟ ಕಲ್ತೇನಿ."

ಅಂಗಡಿಯ ಒಡತಿ ಕಾರ್ಮಿನಾಬಾಯಿ ಸಂಜೆ ಬಂದಳು. ಹಡಗಿನವನ ಹೆಂಡತಿ, ಮೊದಲು ಇವರಿಗೆ ಸಾಮಾನು ಮಾರುತ್ತಿದ್ದವಳೂ ಅವಳೇ. ಕೊಂಕಣಿ, ಹಿಂದಿ ಬೆರೆಸಿ ತಗ್ಗಿದ ದನಿಯಲ್ಲಿ ಮಾತಾಡಿದಳು. ಈಗ ಗಂಡ ಬಂದರೆ ಚಾಕಲೇಟು ಮಾತ್ರ ತರುತ್ತಾನೆ, ಸಾಮಾನಿಗೆ ಬೆಲೆಯಿಲ್ಲ. ಮೋಟರ್ ಸೈಕಲ್ ಬಾಡಿಗೆಗೆ ಕೊಡುವವನೊಬ್ಬ ಅಂಗಡಿ ಕೇಳುತ್ತಿದ್ದಾನೆ. "ಕಿತೆಂ ಕರುಂ, ಬೀಬಿ?" ಎಂದಳು. ಏನು ಮಾಡಲಿ ಎಂದು. ಬೈಯಬೇಕೆಂದು ಕಾದಿದ್ದ ಬೀಬಿಜಾನ್ ಅವಳಿಗೆ ಚಹಾ ಮಾಡಿಕೊಟ್ಟರು.

ನಾನು ಬಂದ ವಿಷಯ ಅಂದೇ ಹೇಳಿದೆ. ಮಾರ್ಚಿನೊಳಗೆ ಅವಳು ಧಾರವಾಡದಲ್ಲಿರಬೇಕು ಎಂದೆ.

"ನಾ ಏನು ಹಗ್ಗ ಹಾಕಿ ಕಟ್ಟೇನೇನವಾ?" ಎಂದರು ಬೀಬಿಜಾನ್. "ಈ ಸಾಮಾನು ಹೋದ್ರ ಅಕೀನೂ ಹೋಗ್ಲಿ. ನಾಳೆ ಕಾಣಕೋಣಕ್ಕ ಹೊಂಟೇವಿ, ನೀನೂ ಬಾ. ಬೀಚಿನ್ಯಾಗ ಬಿಳೇ ಮಂದಿ ಭಾಳ ಅದಾರಂತ. ಅವ್ರಿಗರ ಮಾರಿ ಬರೂಣು."

ಕುಂಕಳ್ಳಿ

ದಾರಿಯಲ್ಲಿ ಕುಂಕಳ್ಳಿಯಲ್ಲಿ ಇಳಿದೆವು. ಬೀಚಿನಲ್ಲಿ ಆಗದಿದ್ದರೆ ಇರಲಿ ಎಂದು ಇಲ್ಲಿ ಕೆಲಸ ಮೊದಲೇ ಕೇಳಿಡುವುದು ಬೀಬಿಜಾನರ ಎಣಿಕೆ. ಮಗಳಿಗಲ್ಲ, ತಮಗೆ. ಕೈಗಾರಿಕಾ ವಸಾಹತಿನಲ್ಲಿ ರೇಡಿಯೋ ಜೋಡಿಸುವ ಕಾರ್ಖಾನೆಯೊಂದಿತ್ತು. ಗೇಟಿಗೆ ಸರಪಳಿ. ಒಳಗೆ ಸ್ಟೂಲಿನ ಮೇಲೆ ಕಾವಲುಗಾರ, ವಿಜಯಪುರದ ಕಡೆಯವನು, ಶೇಂಗಾ ಸುಲಿಯುತ್ತಿದ್ದ.

"ಕೆಲಸ ಐತೇನ್ರಿ?" ಬೀಬಿಜಾನ್ ಕೇಳಿದರು.

"ಐತಲ್ರಿ. ಕೀಲಿ ಕಾಯೂದು. ಅದನ್ನ ನಾ ಮಾಡಾಕತ್ತೇನಿ."

"ಮತ್ತ ಕಾರ್ಖಾನಿ?"

"ಹೊರಗಿಂದ ಬರೂ ರೇಡಿಯೋ ನಮ್ಮದಕ್ಕಿಂತ ಸೋವಿ ಆತಂತ್ರಿ. ಮಾಲಕ ಈಗ ಅದನ್ನ ತರಿಸಿ ಮಾರ್ತಾನು. ಅಂವಗೇನೂ ಆಗಿಲ್ಲ. ಗುಂಡಗ ಅದಾನು."

ಗೇಟಿನ ಸಂದಿಯಿಂದ ಶೇಂಗಾ ಕೊಟ್ಟ. ನಾವು ಬಸ್ಸಿಗೆ ಕಾಯುತ್ತ ತಿಂದೆವು. ತರಗತಿಯಲ್ಲಿ ನಮ್ಮ ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು, ತೆರಿಗೆ ಇಳಿದರೆ ಗೆರೆ ಹೀಗೆ ಸರಿಯುತ್ತದೆ, ದುಡಿಯುವವರು ಒಂದು ಕಸುಬಿನಿಂದ ಇನ್ನೊಂದಕ್ಕೆ ಹೋಗುತ್ತಾರೆ ಎಂದಿದ್ದರು. ನಾನದನ್ನು ಉತ್ತರಪತ್ರಿಕೆಯಲ್ಲಿ ಅಂದವಾಗಿ ಬರೆದಿದ್ದೆ. ತಪ್ಪೇನಲ್ಲ, ನಾವೂ ಹೋಗುತ್ತಲೇ ಇದ್ದೆವು, ಗೋವಾ ಸರಕಾರದ ಕದಂಬ ಬಸ್ಸಿಗೆ ಕಾಯುತ್ತ, ಬಗಲಲ್ಲಿ ಜಪಾನಿ ಕಂಬಳಿಯ ಗಂಟು ಇಟ್ಟುಕೊಂಡು. ತೆರಿಗೆ ಹಾಕಿದವರು ಬೀಬಿಜಾನರನ್ನು ಕೇಳಿರಲಿಲ್ಲ. ತೆಗೆದವರೂ ಕೇಳಲಿಲ್ಲ. ಹಾಕಿದಾಗ ಅವರು ಕಳ್ಳಮಾಲಿನವರು, ತೆಗೆದಾಗ ಯಾರೂ ಅಲ್ಲ.

ಕಾಣಕೋಣ

ಸಮುದ್ರ ಚೆಂದವಿತ್ತು. ಅದನ್ನು ಬರೆಯದಿದ್ದರೆ ಓದುವವರಿಗೆ ಬೇಸರವಾದೀತು, ಅದಕ್ಕೆ ಬರೆದಿದ್ದೇನೆ.

ತೆಂಗಿನ ಮರದ ಕೆಳಗೆ ಬೀಬಿಜಾನ್ ಕಂಬಳಿ ಹಾಸಿ ಅಂಗಿ, ಗಡಿಯಾರ, ಸ್ವೆಟರುಗಳನ್ನು ಹರವಿದರು. ಬಿಸಿಲಿನಲ್ಲಿ ಕೆಂಪಗೆ ಸುಟ್ಟ ಪರದೇಶದ ಗಂಡಸೊಬ್ಬ ಬಂದು ಕುಕ್ಕರಗಾಲಲ್ಲಿ ಕೂತು, ಒಂದು ಅಂಗಿಯ ಕೊರಳಿನ ಹೆಸರುಪಟ್ಟಿ ತಿರುವಿ ನೋಡಿದ. ಗೆಳತಿಯನ್ನು ಕೂಗಿ ಕರೆದು ತೋರಿಸಿದ. ಇಬ್ಬರೂ ನಗತೊಡಗಿದರು. ಅದು ತನ್ನ ಊರಿನಲ್ಲೇ ಹೊಲಿದದ್ದು ಎಂದು ಅವನು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಕೆಟ್ಟ ಮನುಷ್ಯನಲ್ಲ, ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಅಂಗಿಯನ್ನು ಮೊದಲಿಗಿಂತ ಅಚ್ಚುಕಟ್ಟಾಗಿ ಮಡಚಿಟ್ಟು ಹೋದ.

"ಏನಂದನವಾ?" ಬೀಬಿಜಾನ್ ಕೇಳಿದರು.

"ಚಲೋ ಐತಿ ಅಂದ್ರು," ಎಂದೆ.

ಪಕ್ಕದ ಮರದ ಕೆಳಗೆ ಗದಗದ ಕಡೆಯ ಶಾಂತವ್ವ ಕುಳಿತಿದ್ದಳು. ಕಸೂತಿ ಬಟ್ಟೆ, ಕನ್ನಡಿ ಹಚ್ಚಿದ ಚೀಲಗಳನ್ನು ಮಾರುವವಳು. ನಮ್ಮನ್ನು ಬೆಳಗಿನಿಂದ ನೋಡಿ ಸಾಕಾಗಿತ್ತೇನೋ.

"ಏನ್ರೀ ಬೀಬಿ, ಮಾವನ ಮನೀಗೆ ಅಳಿಯನ ತೋರ್ಸಾಕ ಬಂದೀರೇನು? ಅವರ ಸಾಮಾನು ಅವ್ರಿಗೇ ಮಾರಾಕತ್ತೀರಲ್ಲ. ಇವ್ರಿಗೆ ಹಳೇದು ಬೇಕ್ರಿ. ಅಜ್ಜಿ ಕೈಯಾಗಿಂದು, ಮುತ್ತಜ್ಜಿ ಕೈಯಾಗಿಂದು. ಹೊಸಾದು ಕಂಡ್ರ ಮುಟ್ಟೂದುಲ್ಲ."

"ನಿಮ್ಮದೇನ್ ಹಳೇದೇನು?"

"ಎಲ್ಲಿ ಹಳೇದ್ರಿ. ಹೋದ ತಿಂಗಳು ನಮ್ಮ ನೆಗೆಣ್ಣಿ ಹೊಲದಾಳ. ಚಹಾದಾಗ ಅದ್ದಿ ಒಣಗಸ್ತೇವಿ. ಆದ್ರ ನಿಂದ್ರೂದುಲ್ಲ ಹಾಳಾದ್ದು. ನಿನ್ನಿ ಒಬ್ಬಾಕಿ ಹೆಗಲಿಗೆ ಹಾಕ್ಕೊಂಡು ಬೆವತು, ಬಿಳೇ ಅಂಗಿ ಹಳದಿ ಮಾಡ್ಕೊಂಡು ಜಗಳಕ್ಕ ಬಂದಿದ್ಲು. ನಿಮ್ಮ ಮುತ್ತಜ್ಜಿ ಚಹಾ ಕುಡೀತಿದ್ಲೇನು ಅಂತ ಕೇಳ್ತಾಳ್ರಿ ನನ್ನ."

ಜೈನಾಬ್ ಎದ್ದು ಹೋಗಿ ಬಟ್ಟೆಯೊಂದನ್ನು ಎತ್ತಿಕೊಂಡಳು. ಮೂಸಿದಳು, ಉಗುರಿನಿಂದ ಕೆರೆದಳು.

"ಮೊದಲು ಪಟಕದ ನೀರಾಗ ನೆನಸಬೇಕ್ರಿ, ಆಮ್ಯಾಲೆ ಚಹಾ," ಎಂದಳು. ಪಟಕ ಎಂದರೆ ಕ್ಷೌರಿಕರು ಗಾಯಕ್ಕೆ ಹಚ್ಚುವ ಬಿಳಿ ಕಲ್ಲು. "ಅದು ಬಣ್ಣ ಹಿಡದು ಕೂಡಸ್ತೈತಿ. ತುಕ್ಕು ಹಿಡದ ಮೊಳಿ ಹಾಕಿ ಕುದಿಸಿದ ನೀರು ಅಲ್ಲಲ್ಲಿ ಚಿಮುಕಿಸ್ರಿ. ಎಲ್ಲಾ ಕಡೆ ಒಂದ ಸಮ ಬ್ಯಾಡ. ಮಡಚೂ ಗೆರಿ ಮ್ಯಾಲ ಹೆಚ್ಚು, ಒಳಗ ಕಡಿಮಿ. ಕನ್ನಡಿ ಸುತ್ತ ಇಟ್ಟಂಗಿ ಪುಡಿ ತಿಕ್ಕಿ ಜಾಡಿಸ್ರಿ. ಮನ್ಯಾಗ ಇಟ್ಟದ್ದು ಎಲ್ಲಿ ಹಳೇದಾಗತೈತಿ ಅನ್ನೂದು ನೋಡ್ಬೇಕ್ರಿ ಮೊದಲು."

ನಾನು ಅವಳನ್ನು ಪ್ರಯೋಗಶಾಲೆಯ ಬಿಳಿ ಕೋಟಿನಲ್ಲಿ ಕಂಡಿದ್ದೆ. ಇದೇ ದನಿ, ಇದೇ ನಿಧಾನ. ಶಾಂತವ್ವ ಬಾಯಿ ತೆರೆದು ಕೇಳುತ್ತಿದ್ದಳು.

"ನೀ ಮಾಡಿ ಕೊಡ್ತೀಯೇನವಾ? ಈ ದಂಡಿ ಮ್ಯಾಲಿನ ನಮ್ಮ ಮಂದಿ ಎಲ್ಲಾರ್ದೂ ಮಾಡು. ಸೀಜನ್ ಮುಗಿಯೂತನ ಕೈ ಬಿಡುವಿರಾಂಗಿಲ್ಲ."

ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ. ತಾಯಿಗೆ ಕೆಲಸ ಸಿಕ್ಕಿತು, ಇನ್ನು ಮಗಳು ನನ್ನ ಜೊತೆ ಹೊರಡಬಹುದು ಎಂದುಕೊಂಡೆ. ತಿರುಗಿ ಬರುವ ಬಸ್ಸಿನಲ್ಲಿ ಶಾಂತವ್ವನ ಬಟ್ಟೆಯ ಗಂಟು ನನ್ನ ತೊಡೆಯ ಮೇಲೆಯೇ ಇತ್ತು. ಬಟ್ಟೆ ಹೊಚ್ಚ ಹೊಸದು, ಹಸಿರು ಕೆಂಪು ದಾರಗಳು ಕಣ್ಣು ಕುಕ್ಕುತ್ತಿದ್ದವು.

"ಯಾವಾಗ ಹೊರಡೋಣ?" ಎಂದು ಜೈನಾಬಳನ್ನು ಕೇಳಿದೆ.

ಅವಳು ಉತ್ತರಿಸುವ ಮುಂಚೆ ಬೀಬಿಜಾನ್ ಮುಂದಿನ ಸೀಟಿನಿಂದ ಹೊರಳಿದರು. ಅವರ ಮುಖದಲ್ಲಿ ಬಂದಂದಿನಿಂದ ನಾನು ಕಾಣದ ಕಳೆ ಇತ್ತು.

"ಬೇಟಿ, ನನಗ ಆ ಪಟಕ, ಮೊಳಿ ಎಲ್ಲಾ ತಿಳಿಯಾಂಗಿಲ್ಲ. ಕಣ್ಣೂ ಸಂಜಿ ಆದ್ರ ಕಾಣೂದುಲ್ಲ. ಅಕಿ ಕೈಗುಣದಿಂದ ಬಂದ ಕೆಲಸ ಇದು. ಸೀಜನ್ ಮುಗಿಯೂದು ಮಾರ್ಚಿಗೆ. ಅಷ್ಟ ತಡಿ. ಬರೂ ವರ್ಷ ಪರೀಕ್ಷಾ ಕಟ್ಟತಾಳ."

ಪ್ರಯೋಗಗಳೂ ಮಾರ್ಚಿನೊಳಗೇ ಎಂಬುದು ಅವರಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಜೈನಾಬ್ ಕಿಟಕಿಯಾಚೆ ನೋಡುತ್ತಿದ್ದಳು. ಕಂಡಕ್ಟರ್ ಕುಂಕಳ್ಳಿ, ಕುಂಕಳ್ಳಿ ಎಂದು ಕೂಗಿದ. ಯಾರೂ ಇಳಿಯಲಿಲ್ಲ.

ಮತ್ತೆ ಮಡಗಾಂವ್

ಹೊರಡುವ ಬೆಳಿಗ್ಗೆ ಕಾರ್ಮಿನಾಬಾಯಿ ಬಂದು, ಮೇಲಿನ ಮನೆ ನೀವೇ ಇಟ್ಟುಕೊಳ್ಳಿ, ಕೆಳಗಿನ ಅಂಗಡಿ ಮಾತ್ರ ಬಿಡಿ ಎಂದಳು. ಬೀಬಿಜಾನ್ ಒಪ್ಪಿದರು. ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತೇಲಿ ಕುದಿಯುತ್ತಿತ್ತು. ಜೈನಾಬ್ ಸೆರಗು ಬಿಗಿದು ಕೋಲಿನಿಂದ ಬಟ್ಟೆ ತಿರುವುತ್ತಿದ್ದಳು. ಮೊಣಕೈವರೆಗೆ ಕಂದು ಬಣ್ಣ ಹತ್ತಿತ್ತು. ಒಂದು ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದು ನನಗೆ ತೋರಿಸಿದಳು. ನೂರು ವರ್ಷದ್ದೆಂದರೆ ನಾನೂ ನಂಬುತ್ತಿದ್ದೆ.

ನಾನು ಚೀಲ ಹಿಡಿದುಕೊಂಡೇ ನಿಂತೆ.

"ನೀನು ಬರಬೇಕು ಅಂತ ಹೇಳಾಕ ಬಂದೆ. ಇನ್ನೊಂದ ಸಲ ಹೇಳ್ತೇನಿ, ಆಮ್ಯಾಲೆ ಹೇಳೂದುಲ್ಲ," ಎಂದೆ.

"ಹೇಳಬ್ಯಾಡ ಸುಮಂಗಲಾ. ನಾ ಬಂದೇ ಬಿಟ್ಟೇನು. ಆಮ್ಯಾಲೆ ಇಲ್ಲಿ ಯಾರು?"

"ನಿನಗ ಇದು ಸೇರ್ತೈತೇನು?"

ಅವಳು ಸುಳ್ಳು ಹೇಳುವ ಹುಡುಗಿಯಲ್ಲ.

"ಸೇರ್ತೈತಿ. ಅದ ಸಂಕಟ. ಲ್ಯಾಬಿನ್ಯಾಗ ಒಂದ ಸಲನೂ ನಾ ಮಾಡಿದ್ದು ಯಾರಿಗೂ ಬೇಕಾಗಿರಲಿಲ್ಲ. ಮಾಡಿ, ಬರದು, ಮೋರ್ಯಾಗ ಸುರುವಿ ಬರ್ತಿದ್ವಿ." ಕೋಲನ್ನು ಪಾತೇಲಿಗೆ ಅಡ್ಡ ಇಟ್ಟಳು. "ನಮ್ಮ ಕೋಣ್ಯಾಗ ನನ್ನ ಕಾಟು ಕಿಟಕಿ ಕಡೆ ಐತಿ. ಚಲೋ ಗಾಳಿ. ಖಾಲಿ ಇಡಬ್ಯಾಡ್ರಿ, ಯಾರಿಗರ ಕೊಡ್ರಿ ಅಂತ ವಾರ್ಡನ್ ಮೇಡಮ್ಮಿಗೆ ಹೇಳು."

ಬೀಬಿಜಾನ್ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟರು. ಅವರಿಗೆ ನನ್ನ ಮುಖ ನೋಡಲಾಗಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಯಾರ ಮೇಲೆ ಬರಬೇಕೋ ಅವರ ಹೆಸರು ಗೊತ್ತಿರಲಿಲ್ಲ. ಮಡಗಾಂವಿನ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿ ಬಂತು. ಡಬ್ಬಿಯಲ್ಲಿ ಹಲವರು ಸಂತೋಷದಿಂದಿದ್ದರು, ಸಮುದ್ರ ಕಂಡು ಬಂದವರು.

ವಾರ್ಡನ್ ಮೇಡಮ್ಮಿಗೆ ನಾನು ಏನೂ ಹೇಳಲಿಲ್ಲ. ರಾತ್ರಿ ಗಾಳಿ ಬರಲೆಂದು ಆ ಬದಿಯ ಕಿಟಕಿ ತೆರೆದಿಡುತ್ತಿದ್ದೆ, ಅಷ್ಟೆ. ಜೂನಿನಲ್ಲಿ, ನಾನು ಪರೀಕ್ಷೆ ಮುಗಿಸಿ ಕೋಣೆ ಬಿಡುವ ಹೊತ್ತಿಗೆ, ಅವರೇ ಆ ಕಾಟನ್ನು ಬಾಗಲಕೋಟೆಯ ಹುಡುಗಿಯೊಬ್ಬಳಿಗೆ ಕೊಟ್ಟರು.